ಕುದುರೆ ಕಾರಿಗೆ ಹೆಚ್ಚಿಗೆ ಕೊಟ್ಟ ಒಂದು ಲಕ್ಷ

ಕಾರಿಗೆ ಹತ್ತೊಂಬತ್ತು ಲಕ್ಷ ಕೊಟ್ಟೆ. ಅದನ್ನ ಎತ್ತಿಕೊಂಡು ಬಂದ ಗಾಡಿ ಬಾಡಿಗೆ, ಮೇಸ್ತ್ರಿ ಕೂಲಿ, ಆರ್‌ಟಿಒ ಓಡಾಟ ಎಲ್ಲ ಬೇರೆ. ಮಾತಾಗಿದ್ದು ಹದಿನೆಂಟಕ್ಕೆ. ಹೊಸಕೋಟೆಯಲ್ಲಿ ಹಳೇ ಟ್ರ್ಯಾಕ್ಟರು, ಟೆಂಪೋ, ಕಾರು ಕೊಂಡು ಮಾರುತ್ತಲೇ ನನ್ನ ತಲೆಗೂದಲು ಬೆಳ್ಳಗಾಗಿದೆ. ಮಾತಾದ ಬೆಲೆಯಲ್ಲಿ ಕೊನೆಗಳಿಗೆಯಲ್ಲೂ ಒಂದಿಷ್ಟು ಮುರಿಸಿಕೊಂಡು ಬಂದಿದ್ದು ಎಷ್ಟೋ ಸಲ. ಮಾತಾದ ಮೇಲೆ ಹೆಚ್ಚಿಗೆ ಕೊಟ್ಟು ಬಂದಿದ್ದು ಇದೊಂದೇ ಸಲ. ಆ ಒಂದು ಲಕ್ಷ ಯಾಕೆ ಹೋಯಿತು ಅಂತ ಬರೆಯುತ್ತೇನೆ. ಹಳೇ ಗಾಡಿ ಹುಡುಕಿಕೊಂಡು ತಿರುಗುವವರಿಗೆ ಉಪಯೋಗಕ್ಕೆ ಬಂದೀತು.

ಕಾರು ಅಮೆರಿಕದ್ದು. ಎರಡೇ ಬಾಗಿಲು, ಉದ್ದನೆ ಮೂತಿ, ಕುಳ್ಳನೆ ಬೆನ್ನು, ಒಳಗೆ ಎಂಟು ಸಿಲಿಂಡರಿನ ಇಂಜಿನ್. ಮುಂದಿನ ಜಾಲರಿಯ ನಡುವೆ ಓಡುವ ಕುದುರೆಯ ಗುರುತು. ಈಗಿನ ಹುಡುಗರು ಇಂಥವನ್ನ ಮಸಲ್ ಕಾರು ಅನ್ನುತ್ತಾರೆ. ನಮ್ಮ ಕಡೆ ಆಗ ಅದನ್ನ ಕುದುರೆ ಕಾರು ಅನ್ನುತ್ತಿದ್ದರು. ಇಡೀ ತಾಲ್ಲೂಕಿಗೆ ಇದ್ದದ್ದು ಒಂದೇ. ಸೂಲಿಬೆಲೆ ಕಡೆಯ ಒಬ್ಬ ದ್ರಾಕ್ಷಿ ತೋಟದ ಯಜಮಾನರು, ಬೆಂಗಳೂರು ಬಿಟ್ಟು ಹೊರಟಿದ್ದ ಯಾರೋ ವಿದೇಶಿ ಇಂಜಿನಿಯರ್ ಹತ್ತಿರ ಕೊಂಡಿದ್ದರಂತೆ. ಸ್ಟೀರಿಂಗ್ ಎಡಗಡೆ.

ನಾನಾಗ ಹಳೇ ಮದ್ರಾಸು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಗಾಡಿ ತೊಳೆಯುತ್ತಿದ್ದೆ. ಕುದುರೆ ಕಾರು ಬಂಕಿಗೆ ತಿರುಗುವ ಮೊದಲೇ ನೆಲ ಅದುರಿ ಅದರ ಗುಡುಗುಡು ಅಂಗಾಲಿಗೆ ಗೊತ್ತಾಗುತ್ತಿತ್ತು. ಓಡಿಸುತ್ತಿದ್ದವರು ಯಜಮಾನರ ಹಿರಿಮಗ. ಒಂದು ದಿನ ತೊಳೆದು ಒರೆಸಿ ಮುಗಿಸಿದಾಗ ಅವರು, ಹತ್ಕೋ, ಕೆರೆ ಏರಿ ತನಕ ಹೋಗಿ ಬರೋಣ ಅಂದರು. ಹೋಗಿ ಬಂದೆವು. ಅಷ್ಟೇ. ಆಮೇಲೆ ನಾನು ಎಷ್ಟೋ ಗಾಡಿ ಹತ್ತಿ ಇಳಿದೆ, ಕೊಂಡೆ, ಮಾರಿದೆ. ಒಂದನ್ನೂ ಮನೆಗೆ ಅಂತ ಇಟ್ಟುಕೊಳ್ಳಲಿಲ್ಲ. ನನ್ನ ದಂಧೆಯಲ್ಲಿ ಗಾಡಿ ಮೇಲೆ ಆಸೆ ಇಟ್ಟವನಿಗೆ ಊಟ ಇಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ಫೋನ್ ಬಂತು. ಅದೇ ಮನೆಯ ಕಿರಿಮಗ. ಲೇಔಟು, ಸೈಟು ಅಂತ ಓಡಾಡಿಕೊಂಡಿರುವ ಮನುಷ್ಯ. ಅಣ್ಣತಮ್ಮಂದಿರಿಗೆ ಪಾಲಾಗಿದೆ, ಹಳೇ ರೇಷ್ಮೆ ಹುಳುಮನೆ ಇರೋ ಜಾಗ ನನ್ನ ಪಾಲಿಗೆ ಬಂದಿದೆ, ಅದನ್ನ ಕೆಡವಿಸ್ತಿದ್ದೀನಿ, ಒಳಗೊಂದು ಟ್ರೈಲರ್ ಇದೆ ಬಂದು ನೋಡಿ ಅಂದ. ಬೆಲೆ ಕೇಳಿದೆ, ಹೇಳಿದ. ಕೊನೆಗೆ, ಅಪ್ಪನ ಹಳೇ ಕಾರೂ ಒಂದಿದೆ, ಅದಕ್ಕೆ ಬೇರೆ ಗಿರಾಕಿ ಸಿಕ್ಕಿದಾನೆ ಬಿಡಿ ಅಂದ. ದೇವನಹಳ್ಳಿ ರಸ್ತೆಯಲ್ಲಿ ಹೊಸದಾಗಿ ಹೋಟೆಲ್ ಕಟ್ಟುತ್ತಿರುವ ಒಬ್ಬರಿಗೆ ಕಾರಿನ ಮುಂಭಾಗ ಬೇಕಂತೆ. ಗ್ಯಾಸ್ ಕಟರ್ ಇಟ್ಟು ಅರ್ಧಕ್ಕೆ ಕೊಯ್ದು, ಗೋಡೆಯಿಂದ ನುಗ್ಗಿ ಬಂದಹಾಗೆ ಕೂರಿಸಿ, ಹೆಡ್‌ಲೈಟಿಗೆ ಬಲ್ಬು ಹಾಕುತ್ತಾರಂತೆ.

ನಾನು ಟ್ರೈಲರ್ ನೋಡುವುದಕ್ಕೆ ಬರುತ್ತೇನೆ ಅಂದೆ. ಫೋನಿಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿ ಮುಂದೆ ನಿಂತಿದ್ದ ಗಾಡಿಗಳ ಸುತ್ತ ಸುಮ್ಮನೆ ಎರಡು ಸುತ್ತು ಹಾಕಿದೆ. ಟೀ ತರಿಸಿದೆ, ಕುಡಿಯಲಿಲ್ಲ.

ಹೋಗುವಾಗ ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡೆ. ಬಂಕಿನ ವಿಷಯ ಬಾಯಿ ಬಿಡಬಾರದು. ಮಾರುವವನಿಗೆ ನಮ್ಮ ಆಸೆ ಗೊತ್ತಾದರೆ ಬೆಲೆ ಅಲ್ಲೇ ನಿಂತುಬಿಡುತ್ತದೆ, ಇಳಿಯುವುದಿಲ್ಲ. ಹಾಗಾಗಿ ಮೊದಲು ಟ್ರೈಲರನ್ನೇ ತುಂಬಾ ಹೊತ್ತು ನೋಡಿದೆ, ಆಕ್ಸಲ್ ಬಡಿದೆ, ಟೈರು ಒದ್ದೆ. ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಹೊರಡುವವನ ಹಾಗೆ, ಇದೇನ್ರೀ ಇಲ್ಲೊಂದು ಗುಜರಿ ಅಂದೆ.

ಹುಳುಮನೆ ಅಂದರೆ ಉದ್ದನೆ ಕೋಣೆ, ಕಿಟಕಿಗಳಿಗೆಲ್ಲ ಸೊಳ್ಳೆ ಜಾಲರಿ, ಗೋಡೆಗೆ ಒರಗಿಸಿದ, ಹುಳ ಗೂಡು ಕಟ್ಟುವ ಹಳೇ ಬಿದಿರು ಚಂದ್ರಿಕೆಗಳು. ರೇಷ್ಮೆ ನಿಂತು ಎಷ್ಟೋ ಕಾಲವಾದರೂ ಬ್ಲೀಚಿಂಗ್ ಪೌಡರಿನ ವಾಸನೆ ಹೋಗಿರಲಿಲ್ಲ. ರೋಗ ಬಾರದಿರಲಿ ಅಂತ ಹಾಕುವ ಆ ಪೌಡರು ಹುಳಕ್ಕೆ ಒಳ್ಳೆಯದು, ಕಬ್ಬಿಣಕ್ಕೆ ಅಲ್ಲ. ಬಂಪರಿನ ಹೊಳಪೆಲ್ಲ ಚುಕ್ಕೆ ಚುಕ್ಕೆ ಎದ್ದಿತ್ತು. ಕಡುಹಸಿರು ಬಣ್ಣ ಮಾಸಿ ಬೂದಿಯಾಗಿತ್ತು. ನಾಲ್ಕು ಟೈರೂ ನೆಲಕ್ಕೆ ಅಂಟಿದ್ದವು. ಕುದುರೆ ಮಾತ್ರ ಇತ್ತು.

ಕಾರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು. ಹಿರಿಯಣ್ಣ. ಅವತ್ತು ನನ್ನನ್ನ ಹತ್ತಿಸಿಕೊಂಡವರೇ ಅಂತ ನನಗೆ ತಕ್ಷಣ ಗುರುತು ಸಿಕ್ಕಿತು. ಅವರಿಗೆ ನನ್ನ ಗುರುತು ಸಿಗಲು ಕಾರಣವೇ ಇರಲಿಲ್ಲ. ಜಾಗ ತಮ್ಮನದು, ಕಾರು ಇವರ ಪಾಲಿನದು. ಸೋಮವಾರದೊಳಗೆ ಕಾರು ಎತ್ತಬೇಕು, ಎತ್ತದಿದ್ದರೆ ಹೋಟೆಲಿನವರಿಗೆ ಎತ್ತಿಸಿಬಿಡ್ತೀನಿ ಅಂತ ತಮ್ಮ ಗಡುವು ಹಾಕಿದ್ದ. ಕತ್ತರಿಸುವವರಿಗೆ ಕೊಡಲು ಇವರಿಗೆ ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗ ಇಲ್ಲ.

ಮಾರನೆಯ ದಿನ ನನ್ನ ಟಿಂಕರಿಂಗ್ ಮೇಸ್ತ್ರಿಯನ್ನ ಕರೆದುಕೊಂಡು ಹೋದೆ. ಭಾಯಿ ಅಂತ ಕರೆಯುತ್ತೇವೆ, ನನ್ನ ಜೊತೆ ಮೊದಲಿಂದ ಇರುವವನು. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನ ಬಟ್ಟೆಯಲ್ಲಿ ಸುತ್ತಿಕೊಂಡು ಬಾಡಿಯ ಮೇಲೆಲ್ಲ ಆಡಿಸಿದ. ಮ್ಯಾಗ್ನೆಟ್ಟು ಹಿಡಿದರೆ ತಗಡು, ಜಾರಿದರೆ ಪುಟ್ಟಿ ಮೆತ್ತಿದ್ದಾರೆ ಅಂತ. ಜಾರಿದ್ದು ಹಿಂದಿನ ಚಕ್ರದ ಮೇಲೆ ಒಂದು ಕಡೆ, ಅಷ್ಟೇ. ಕಾರ್ಪೆಟ್ ಎತ್ತಿ ನೋಡಿದೆವು. ಡ್ರೈವರ್ ಕಾಲಿನ ಕೆಳಗೆ ನೆಲ ಕಾಣಿಸುತ್ತಿತ್ತು, ಅದು ಬೆಸುಗೆಯಲ್ಲಿ ಸರಿಹೋಗುವ ಕೆಲಸ. ಗಾಡಿಯ ಭಾರ ಹೊರುವ ಅಡಿಯ ಕಂಬಿಗಳನ್ನ ಸ್ಕ್ರೂಡ್ರೈವರಿನಲ್ಲಿ ಚುಚ್ಚಿ ನೋಡಿದೆವು, ಒಳಗೆ ಹೋಗಲಿಲ್ಲ. ಅದು ಮುಖ್ಯ.

ಆಮೇಲೆ ಇಂಜಿನ್. ಭಾಯಿ ಸ್ಪ್ಯಾನರ್ ತೆಗೆದ. ಹಿರಿಯಣ್ಣ ಕುರ್ಚಿಯಿಂದ ಎದ್ದರು. ಈ ಗಾಡಿಗೆ ಅಪ್ಪ ಬಿಟ್ಟರೆ ನಾನು, ಬೇರೆ ಯಾರೂ ಸ್ಪ್ಯಾನರ್ ಹಾಕಿಲ್ಲ, ಇಲ್ಲಿ ಕೊಡಿ ಅಂದರು. ಎಂಟು ಪ್ಲಗ್ಗನ್ನೂ ಅವರೇ ಬಿಚ್ಚಿದರು. ತಿರುಪಿನ ಎಳೆ ಒಂದೂ ಕೆಡಲಿಲ್ಲ. ತೂತುಗಳಿಗೆ ಡೀಸೆಲ್ ಬೆರೆಸಿದ ಆಯಿಲ್ ಬಿಟ್ಟು, ಮಧ್ಯಾಹ್ನದ ತನಕ ಕಾದು, ಮುಂದಿನ ಪುಲ್ಲಿಯ ಬೋಲ್ಟಿಗೆ ಉದ್ದನೆ ಪೈಪು ಸಿಕ್ಕಿಸಿ ಮೆಲ್ಲಗೆ ಎಳೆದೆವು. ಮೊದಲು ಅಲ್ಲಾಡಲಿಲ್ಲ. ಮತ್ತೆ ಎಳೆದೆವು. ಒಳಗೆ ಏನೋ ನಿಟ್ಟುಸಿರು ಬಿಟ್ಟಹಾಗಾಗಿ ಪುಲ್ಲಿ ಕಾಲು ಸುತ್ತು ತಿರುಗಿತು. ಭಾಯಿ ನನ್ನ ಮುಖ ನೋಡಿದ. ನಾನು ಮುಖ ಗಂಟಿಕ್ಕಿಕೊಂಡು, ಪಿಸ್ಟನ್ ರಿಂಗು ಹೋಗಿರ್ತವೆ ಬಿಡು ಅಂದೆ. ಇಂಜಿನ್ ಹಿಡಿದುಕೊಂಡಿಲ್ಲ ಅಂತ ಇಬ್ಬರಿಗೂ ಗೊತ್ತಾಗಿತ್ತು.

ಬೆಲೆ ಮಾತಿಗೆ ಹಿರಿಯಣ್ಣ ಹೆಗಲಿನ ಟವಲ್ ತೆಗೆದು ನನ್ನ ಕೈ ಮೇಲೆ ಹಾಕಿದರು. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಮಾಡುವ ಹಾಗೆ. ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಇಲ್ಲಿ ಗೊತ್ತಾಗಬಾರದಿದ್ದದ್ದು ತಮ್ಮನಿಗೆ. ನಾನು ಹತ್ತರಿಂದ ಶುರು ಮಾಡಿದೆ. ಅವರು ಇಪ್ಪತ್ತೈದರಿಂದ ಇಳಿದರು. ಮುಖ ನೋಡಿದರೆ ಇಬ್ಬರೂ ಮಳೆ ಬೆಳೆ ಮಾತಾಡುತ್ತಿದ್ದ ಹಾಗೆ. ಹದಿನೆಂಟರ ಹತ್ತಿರ ಅವರ ಕೈ ನನ್ನ ಬೆರಳುಗಳನ್ನ ಗಟ್ಟಿಯಾಗಿ ಹಿಡಿದು ನಿಂತಿತು. ಆಯ್ತು ಅಂದೆ. ಮುಂಗಡ ಕೊಟ್ಟು ಒಂದು ಷರತ್ತು ಹಾಕಿದೆ. ಚಾಸಿ ನಂಬರ್ ಆರ್.ಸಿ. ಪುಸ್ತಕದ ಜೊತೆ ತಾಳೆಯಾಗಬೇಕು. ಅದಿಲ್ಲದೆ ಗಾಡಿ ನನ್ನ ಹೆಸರಿಗೆ ಆಗುವುದಿಲ್ಲ. ಧಾರಾಳವಾಗಿ ನೋಡ್ಕೊಳಪ್ಪ ಅಂದರು.

ಈ ಜಾತಿಯ ಕಾರಿಗೆ ನಂಬರ್ ಬಾನೆಟ್ಟಿನ ಒಳಗೆ, ಡ್ರೈವರ್ ಕಡೆಯ ಅಂಚಿನ ತಗಡಿನ ಮೇಲೆ ಹೊಡೆದಿರುತ್ತಾರೆ. ಅಂದರೆ ಇದಕ್ಕೆ ಎಡಗಡೆ. ಮಾರನೆಯ ದಿನ ಭಾಯಿ ಜೊತೆ ಮತ್ತೆ ಹೋಗಿ ಬಾನೆಟ್ ಎತ್ತಿದಾಗ ಅಲ್ಲಿ ಕಂಡದ್ದು ಅರಿಶಿನ ಕುಂಕುಮದ ಒಂದು ದಪ್ಪ ಹೆಪ್ಪು. ಇಂಜಿನ್ ನೋಡುವ ಗಡಿಬಿಡಿಯಲ್ಲಿ ಹಿಂದಿನ ದಿನ ಅದರ ಕಡೆ ಗಮನ ಕೊಟ್ಟಿರಲಿಲ್ಲ. ಹಿರಿಯಣ್ಣ ಹೆಮ್ಮೆಯಿಂದ ಹೇಳಿದರು. ಕಾರು ಹೆಸರಿಗೆ ಮಾಡಿಸುವಾಗ ಆಫೀಸಿನವರು ಅಪ್ಪನಿಗೆ, ಈ ನಂಬರೇ ಗಾಡಿಗೆ ಜೀವ, ಇದು ಹೋದರೆ ಗಾಡಿ ಹೋದ ಹಾಗೆ ಅಂದಿದ್ದರಂತೆ. ಅವತ್ತಿನಿಂದ ಪ್ರತಿ ಆಯುಧಪೂಜೆಗೂ ನಂಬರಿಗೇ ಮೊದಲ ಪೂಜೆ. ಅರಿಶಿನ, ಕುಂಕುಮ, ಒಂದು ನಿಂಬೆಹಣ್ಣು ಹಿಂಡಿ, ಕಾಯಿ ಒಡೆದು ಅದರ ನೀರು ಅಲ್ಲಿಗೇ ಬಿಡುವುದು. ಇಟ್ಟ ಕುಂಕುಮ ಒರೆಸಬಾರದು ಅಂತ ಯಾರೂ ಒರೆಸಿಲ್ಲ. ಅಪ್ಪ ಹೋದಮೇಲೂ, ಗಾಡಿ ನಿಂತಮೇಲೂ ಅವರು ಒಂದು ವರ್ಷವೂ ಬಿಟ್ಟಿರಲಿಲ್ಲ.

ನಿಂಬೆಹುಳಿ, ಕಾಯಿನೀರು ತಗಡನ್ನ ಏನು ಮಾಡುತ್ತವೆ ಅಂತ ನನಗೆ ಗೊತ್ತು. ಸೀಮೆಎಣ್ಣೆ ಹಾಕಿ ನೆನೆಸಿ, ಮರದ ಚಕ್ಕೆಯಲ್ಲಿ ಮೆಲ್ಲಗೆ ಕೆರೆದೆ. ಅರಿಶಿನ ಎದ್ದಿತು, ಅದರ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಮತ್ತೆ ತುಕ್ಕು. ಉಪ್ಪುಕಾಗದ ತಿಕ್ಕಿ, ಸೀಮೆಸುಣ್ಣ ತುಂಬಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಕೊನೆಯ ಮೂರು ಅಂಕಿ ಬಂದವು. ಉಳಿದದ್ದು ಬರೀ ತುಕ್ಕು ತಿಂದ ತಗಡು.

ನನ್ನ ಆರ್‌ಟಿಒ ಏಜೆಂಟನಿಗೆ ಫೋನ್ ಮಾಡಿದೆ. ಅವನು ನಗುತ್ತಾ, ಅಷ್ಟಕ್ಯಾಕೆ ಗುರು ತಲೆ ಕೆಡಿಸ್ಕೊಂತೀಯಾ, ಪುಸ್ತಕ ನೋಡ್ಕೊಂಡು ತಗಡಿನ ಮೇಲೆ ಹೊಸದಾಗಿ ನಂಬರ್ ಪಂಚ್ ಹೊಡೆಸು ಅಂದ. ಹಾಗೆ ಪಂಚ್ ಹೊಡೆಸಿದ ಟ್ರ್ಯಾಕ್ಟರೊಂದು ಮಧುರೆ ಕಡೆಯ ಒಬ್ಬ ರೈತನಿಗೆ ಬಂದು, ಪೊಲೀಸರು ಹಿಡಿದು, ಅದು ಸ್ಟೇಷನ್ ಮುಂದೆ ಬಿಸಿಲಲ್ಲಿ ನಿಂತು ಬೇಲಿಬಳ್ಳಿ ಹಬ್ಬಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಆ ರೈತ ಈಗಲೂ ಕೋರ್ಟಿಗೆ ಅಲೆಯುತ್ತಿದ್ದಾನೆ. ಆಗಲ್ಲ ಅಂದೆ.

ಅಲ್ಲಿಗೆ ಸುಮ್ಮನಿದ್ದರೆ ಸರಿಹೋಗುತ್ತಿತ್ತು. ಆದರೆ ನನ್ನ ಚಾಳಿ ಇನ್ನೊಂದಿದೆ. ದೋಷ ಸಿಕ್ಕ ತಕ್ಷಣ ಅದನ್ನ ಬೆಲೆ ಮಾಡಿಬಿಡುವುದು. ಜೊತೆಗೆ ಕಾರು ಕೈತಪ್ಪುತ್ತಿದೆ ಅನ್ನುವ ಸಂಕಟ ಒಳಗೆ ಕುದಿಯುತ್ತಿತ್ತು, ಅದನ್ನ ಯಾರಿಗೂ ತೋರಿಸುವ ಹಾಗಿರಲಿಲ್ಲ. ಅಷ್ಟರಲ್ಲಿ ತಮ್ಮನೂ ಬಂದು ನಿಂತಿದ್ದ. ಅವನ ಎದುರಿಗೇ ಅಂದೆ:

"ಯಜಮಾನ್ರೆ, ವರ್ಷಾ ವರ್ಷಾ ಕಾಯಿನೀರು ಹುಯ್ದು ನಿಮ್ಮ ಕೈಯಾರೆ ನೀವೇ ನಂಬರ್ ತಿಂದ್ಹಾಕಿದೀರ. ಈಗ ಇದು ಕಾರಲ್ಲ, ತಗಡು. ಹನ್ನೆರಡಕ್ಕಾದ್ರೆ ನೋಡೋಣ."

ತಮ್ಮ ಜೋರಾಗಿ ನಕ್ಕ. "ಕೇಳಿದ್ಯಾ ಅಣ್ಣ? ಅಪ್ಪನ ಕಾರಿಗೆ ನೀನು ಮಾಡಿದ ಸೇವೆ. ಅದಕ್ಕೇ ಹೇಳಿದ್ದು, ಹೋಟೆಲಿನವರು ನಂಬರ್ ಗಿಂಬರ್ ಕೇಳಲ್ಲ ಅಂತ."

ಹಿರಿಯಣ್ಣ ಬಗ್ಗಿದರು. ಕೆರೆದು ಬಿದ್ದಿದ್ದ ಅರಿಶಿನದ ಚಕ್ಕೆಗಳನ್ನ ಒಂದೊಂದಾಗಿ ಆರಿಸಿ ಟವಲಿನ ತುದಿಗೆ ಹಾಕಿಕೊಂಡರು. ಬಾನೆಟ್ ಇಳಿಸಿದರು. ಒಳಜೇಬಿನಿಂದ ನನ್ನ ಮುಂಗಡವನ್ನ ಕೊಟ್ಟ ಹಾಗೇ ತೆಗೆದು ಟ್ರೈಲರಿನ ಮೇಲಿಟ್ಟರು.

"ವ್ಯಾಪಾರ ಇಲ್ಲ. ಹೋಗಪ್ಪ."

ಹೊಸಕೋಟೆ ಹತ್ತಿರ ಬಂದಮೇಲೆ ಭಾಯಿ, ಹನ್ನೆರಡು ಅಂದಿದ್ದು ಜಾಸ್ತಿಯಾಯ್ತಣ್ಣ ಅಂದ. ಅವನು ಜಾಸ್ತಿ ಅಂದದ್ದು ಬೆಲೆಗಲ್ಲ, ನಾನಾಡಿದ ಮಾತಿಗೆ, ಅದು ನನಗೂ ಗೊತ್ತಿತ್ತು.

ಆ ವಾರ ನನಗೆ ಬೇರೆ ಕೆಲಸ ಹತ್ತಲಿಲ್ಲ. ಒಂದು ಟೆಂಪೋ ಗಿರಾಕಿ ಬಂದು ನಿಂತರೆ ಅವನಿಗೆ ಬೆಲೆ ತಪ್ಪು ಹೇಳಿದೆ. ಸೂಲಿಬೆಲೆ ರಸ್ತೆಯಲ್ಲಿ ಅರ್ಧ ದಾರಿ ಹೋಗಿ ವಾಪಸ್ ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ಹಿರಿಯಣ್ಣ ಫೋನ್ ಎತ್ತುತ್ತಿರಲಿಲ್ಲ. ತಮ್ಮ ಎತ್ತುತ್ತಿದ್ದ. ಸೋಮವಾರ ಬೆಳಿಗ್ಗೆ ಕಟರ್ ಬರ್ತದೆ, ಅಣ್ಣ ಬಾಯಿ ಬಿಡ್ತಿಲ್ಲ, ಬೇಡ ಅಂತಾನೂ ಅಂದಿಲ್ಲ ಅಂದ. ನನಗೆ ಕೊಡದಿದ್ದರೆ ಅದು ಕೊಯ್ತಕ್ಕೇ ಹೋಗುವುದು. ಗಟ್ಟಿಯಾಗಿದ್ದ ಇಂಜಿನ್, ಚುಚ್ಚಿದರೆ ಸ್ಕ್ರೂಡ್ರೈವರ್ ಇಳಿಯದ ಕಂಬಿ, ಎಲ್ಲ ಅರ್ಧಕ್ಕೆ. ಅದೂ ನನ್ನ ಒಂದು ಮಾತಿನಿಂದ.

ಕೊಯಮತ್ತೂರಿನಲ್ಲಿ ಇಂಥ ಹಳೇ ಕಾರುಗಳನ್ನ ರಿಪೇರಿ ಮಾಡುವ ಒಬ್ಬರ ಪರಿಚಯ ಇತ್ತು. ಹಿಂದೊಮ್ಮೆ ಜೀಪು ಮಾರಿದ್ದೆ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮಾತಾಡಿದೆವು. ಅವರು ಹೇಳಿದ್ದನ್ನ ನಾನು ಎರಡು ಸಲ ಹೇಳಿಸಿದೆ. ಆ ಕಾಲದಲ್ಲಿ ಕಂಪನಿಯವರು ಅದೇ ನಂಬರನ್ನ ಬೇರೆ ಜಾಗದಲ್ಲೂ ಹೊಡೆಯುತ್ತಿದ್ದರಂತೆ. ಒಂದು ಬಲಗಡೆ, ಅದೇ ಒಳಗಿನ ಅಂಚಿನ ತಗಡಿನ ಮೇಲೆ. ಅದರ ಮೇಲೆ ಮಡ್‌ಗಾರ್ಡ್ ಕೂರುವುದರಿಂದ ಹೊರಗೆ ಕಾಣುವುದಿಲ್ಲ. ಬಲಗಡೆ ಮುಂದಿನ ಮಡ್‌ಗಾರ್ಡ್ ಬಿಚ್ಚಿ ನೋಡಿ, ಇದ್ದರೆ ಅದೃಷ್ಟ, ಇಲ್ಲದಿದ್ದರೆ ಗೋಡೆಗೇ ಸರಿ ಅಂದರು.

ಬಿಚ್ಚಬೇಕಾದರೆ ಹಿರಿಯಣ್ಣ ಒಪ್ಪಬೇಕು. ಮನೆಯಲ್ಲಿ ಊಟಕ್ಕೆ ಕೂತು ಇದನ್ನೇ ಹೆಂಡತಿಗೆ ಹೇಳುತ್ತಿದ್ದೆ. ಹದಿನೆಂಟಕ್ಕೇ ಒಪ್ಕೊಂತೀನಿ ಅಂತ ಹೇಳಿ ಕಳಿಸಿದರೂ ಆ ಮನುಷ್ಯ ಬಗ್ಗುತ್ತಿಲ್ಲ, ಇನ್ನೇನು ಬೇಕು ಅವರಿಗೆ ಅಂದೆ. ಅವಳು ಅನ್ನ ಬಡಿಸುತ್ತಾ, "ನೀವು ಕಾರಿನ ಬೆಲೆ ಕಡಿಮೆ ಮಾಡಿದ್ದಕ್ಕೆ ಅವರಿಗೆ ಕೋಪ ಇಲ್ಲ ಕಣ್ರೀ. ಅಪ್ಪನಿಗೆ ಅಂತ ಮಾಡಿದ ಪೂಜೇನ ತಮ್ಮನ ಮುಂದೆ ಏನೋ ಕಳ್ಳತನ ಅನ್ನೋ ಹಾಗೆ ಹೇಳಿದ್ರಲ್ಲ," ಅಂದಳು. ಆಮೇಲೆ, "ಆ ಕಾರು ನಿಮಗೆ ಯಾಕೆ ಬೇಕು ಅಂತ ಅವರಿಗೆ ಹೇಳಿದ್ರಾ?" ಅಂತ ಕೇಳಿದಳು. ಇಲ್ಲ ಅಂದೆ. ಹೇಳಿದರೆ ಬೆಲೆ ಏರುತ್ತೆ ಅಂದೆ. ಅವಳು ಸಾರಿನ ಪಾತ್ರೆ ತರಲು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಒಬ್ಬನೇ ಹೋದೆ. ಹಿರಿಯಣ್ಣ ಡೈರಿ ಮುಂದೆ ಹಾಲಿನ ಕ್ಯಾನ್ ಕೆಳಗಿಟ್ಟು ಸಾಲಿನಲ್ಲಿ ನಿಂತಿದ್ದರು. ನನ್ನನ್ನ ನೋಡಿ ಮುಖ ತಿರುಗಿಸಿದರು. ಸಾಲಿನಲ್ಲಿ ನಾನೂ ಅವರ ಹಿಂದೆ ನಿಂತೆ. ಹಾಲು ಅಳೆಸಿ ಹೊರಗೆ ಬಂದಾಗ ಹೇಳಿದೆ. ನನಗೆ ಬೆಲೆ ಮಾತು ಬೇಡ, ನಂಬರೂ ಬೇಡ. ನೀವು ಓಡಿಸುತ್ತಿದ್ದಾಗ ಹೊಸಕೋಟೆ ಬಂಕಿನಲ್ಲಿ ಆ ಕಾರನ್ನ ತೊಳೆಯುತ್ತಿದ್ದವನು ನಾನು. ಒಂದು ಸಲ ಕೆರೆ ಏರಿ ತನಕ ಹತ್ತಿಸಿಕೊಂಡು ಹೋಗಿದ್ರಿ. ನಾಳೆ ಅದನ್ನ ಕೊಯ್ಯೋದನ್ನ ನನ್ನಿಂದ ನೋಡೋದಕ್ಕಾಗಲ್ಲ. ಅವತ್ತು ಆಡಿದ ಮಾತು ತಪ್ಪು.

ಅವರು ಕ್ಯಾನ್ ಹಿಡಿದುಕೊಂಡೇ ನಿಂತಿದ್ದರು. ನಂಬಲಿಲ್ಲ ಅಂತ ಕಾಣುತ್ತೆ. ವ್ಯಾಪಾರಿಗಳು ಇಂಥ ಕತೆ ಹೇಳುವುದು ಅವರಿಗೂ ಹೊಸದಲ್ಲ.

"ಹತ್ತಿಸ್ಕೊಂಡು ಹೋಗಿದ್ರೆ ಎಲ್ಲಿ ಕೂತಿದ್ದೆ?"

ಬಲಗಡೆ ಅಂದೆ. ಸ್ಟೀರಿಂಗ್ ಎಡಗಡೆ ಇದ್ದದ್ದರಿಂದ, ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರುವ ಜಾಗದಲ್ಲಿ ನಾನು ಕೂತಿದ್ದೆ, ನನ್ನ ಮುಂದೆ ಸ್ಟೀರಿಂಗೇ ಇರಲಿಲ್ಲ. ಏರಿ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರು ನಾನೇ ಓಡಿಸುತ್ತಿದ್ದೇನೆ ಅಂತ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಎರಡೂ ಕೈ ಎತ್ತಿ ಬೀಸಿದೆ. ಅವರು ಹೆದರಿ ಎಮ್ಮೆ ಬಿಟ್ಟು ಏರಿ ಇಳಿದು ಓಡಿದರು.

ಹಿರಿಯಣ್ಣ ಕ್ಯಾನ್ ಕೆಳಗಿಟ್ಟರು. ಅವರ ಭುಜ ಮೊದಲು ಅಲ್ಲಾಡಿತು, ಆಮೇಲೆ ನಗು ಹೊರಗೆ ಬಂತು.

"ಅವ್ನು ನೀನೇನ್ಲಾ? ಎಮ್ಮೆ ಕೆರೆಗಿಳಿದು, ಅವು ಮೇಲೆ ಬರೋವರ್ಗೂ ನಾವಿಬ್ರೂ ಏರಿ ಮೇಲೆ ನಿಂತು ಬೈಸ್ಕೊಂಡಿದ್ವಲ್ಲೋ."

ಅದನ್ನ ನಾನು ಮರೆತಿದ್ದೆ. ಅವರು ಹೇಳಿದ ಮೇಲೆ ನೆನಪಾಯಿತು.

ಹುಳುಮನೆಗೆ ಹೋದೆವು. ಬಲಗಡೆಯ ನಂಬರಿನ ಸುದ್ದಿ ಹೇಳಿದೆ. ಸ್ಪ್ಯಾನರ್ ಪೆಟ್ಟಿಗೆ ತಂದು ಅವರ ಮುಂದಿಟ್ಟೆ, ನಾನು ಮುಟ್ಟಲಿಲ್ಲ. ಮಡ್‌ಗಾರ್ಡಿನ ಮೇಲಂಚಿನ ಉದ್ದಕ್ಕೂ ಬೋಲ್ಟಿನ ಸಾಲು, ಬಾಗಿಲು ತೆರೆದರೆ ಕೀಲಿನ ಹತ್ತಿರ ಇನ್ನೊಂದೆರಡು, ಬಂಪರಿನ ಕೆಳಗೆ ಮತ್ತೊಂದಿಷ್ಟು. ಎಲ್ಲಕ್ಕೂ ಬ್ರೇಕ್ ಆಯಿಲ್ ಬಿಟ್ಟು ಕಾದೆವು. ಒಂದೊಂದನ್ನೂ ಅವರು ಮೊದಲು ಬಿಗಿ ಮಾಡುವ ಕಡೆಗೆ ಕೂದಲಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸುತ್ತಿದ್ದರು. ಹಳೇ ಬೋಲ್ಟಿಗೆ ಅದೇ ಸರಿಯಾದ ದಾರಿ. ನೇರವಾಗಿ ಎಳೆದರೆ ಕತ್ತು ಮುರಿಯುತ್ತದೆ. ಆದರೂ ಕೆಳಗಿನದೊಂದು ಮುರಿಯಿತು. ಅವರು ನನ್ನ ಮುಖ ನೋಡಿದರು. ಬೋಲ್ಟ್ ಸಿಗ್ತದೆ ಬಿಡಿ ಅಂದೆ.

ಮಡ್‌ಗಾರ್ಡನ್ನ ಇಬ್ಬರೂ ಹಿಡಿದು ಎತ್ತಿ ಚಂದ್ರಿಕೆಗೆ ಒರಗಿಸಿದೆವು. ಒಳಗೆ ಜೇಡರ ಬಲೆ, ಇಲಿ ತಂದಿಟ್ಟ ಹಿಪ್ಪುನೇರಳೆ ಕಡ್ಡಿ. ಬಟ್ಟೆಯಲ್ಲಿ ಒರೆಸಿದೆ. ತಗಡಿನ ಮೇಲೆ ಕಂಪನಿಯ ಕೆಂಪು ಪ್ರೈಮರ್ ಹಾಗೇ ಇತ್ತು. ಅದರ ಮೇಲೆ ಅಂಕಿಗಳು.

ನನ್ನ ಕನ್ನಡಕ ಮಂಜಾಗಿತ್ತು, ಪುಸ್ತಕ ನನ್ನ ಕೈಯಲ್ಲಿ. ಹಿರಿಯಣ್ಣ ಬೆರಳಿಟ್ಟುಕೊಂಡು ಓದಿದರು, ಒಂದೊಂದೇ. ನಾನು ಪುಸ್ತಕದಲ್ಲಿ ಬೆರಳು ಸರಿಸುತ್ತಾ ಹೋದೆ. ಕೊನೆಯ ಮೂರು ಎಡಗಡೆ ಸಿಕ್ಕ ಮೂರೇ. ಇಡೀ ನಂಬರ್ ತಾಳೆಯಾಯಿತು. ನಾನು ಪುಸ್ತಕ ಮುಚ್ಚಿದೆ.

"ಈ ಕಡೆ ನಾವು ಕಾಯಿ ಒಡೀಲೇ ಇಲ್ಲ," ಅಂದರು ಅವರು, ತಮಗೇ ಹೇಳಿಕೊಂಡ ಹಾಗೆ.

ಅದಕ್ಕೇ ಉಳಿದಿದೆ ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಪೂಜೆ ಮಾಡಿದ ಕಡೆನೂ ಮೂರು ಅಂಕಿ ಉಳೀತಲ್ಲ, ಅದಿಲ್ಲದಿದ್ದರೆ ನಾನು ಈ ಕಡೆ ಹುಡುಕುತ್ತಿರಲಿಲ್ಲ ಅಂದೆ. ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ.

ಅಷ್ಟರಲ್ಲಿ ತಮ್ಮ ಬಂದ. ಬಿಚ್ಚಿದ ಮಡ್‌ಗಾರ್ಡ್ ನೋಡಿ, ಏನು ಇವತ್ತೇ ಕೊಯ್ಯೋದಕ್ಕೆ ಶುರು ಹಚ್ಕೊಂಡ್ರಾ ಅಂತ ಕೇಳಿದ. ಹಿರಿಯಣ್ಣ ಕೈ ಒರೆಸಿಕೊಂಡು, ಗಾಡಿ ಮಾರಿದೀನಿ, ನಾಳೆ ಬೆಳಿಗ್ಗೆ ಎತ್ಕೊಂಡು ಹೋಗ್ತಾರೆ, ಕಟರಿನವರಿಗೆ ಬರಬೇಡ ಅಂತ ಹೇಳು ಅಂದರು. ಎಷ್ಟಕ್ಕೆ ಅಂತ ತಮ್ಮ ಕೇಳಿದ. ಈ ಸಲ ಟವಲ್ ಇರಲಿಲ್ಲ.

"ಹತ್ತೊಂಬತ್ತು," ಅಂದರು, ಎಲ್ಲರಿಗೂ ಕೇಳುವ ಹಾಗೆ.

ನಾನು ತಲೆಯೆತ್ತಿದೆ. ಹದಿನೆಂಟಕ್ಕೆ ಮಾತಾಗಿತ್ತಲ್ಲ ಅಂದೆ.

"ಆಗಿತ್ತು. ಆಗ ನೀನು ಟ್ರೈಲರ್ ನೋಡಕ್ಕೆ ಬಂದಿದ್ದೆ. ಇಷ್ಟು ಆಸೆ ಇದೆ ಅಂತ ಗೊತ್ತಾದಮೇಲೂ ಹದಿನೆಂಟಕ್ಕೇ ಕೊಟ್ರೆ, ದ್ರಾಕ್ಷಿ ಯಜಮಾನನ ಮಗ ಅಂತ ನನ್ನ ಯಾರಾದ್ರೂ ಅಂತಾರೇನಪ್ಪಾ?"

ಕಣ್ಣಲ್ಲಿ ನಗು ಇತ್ತು, ಬೆಲೆಯಲ್ಲಿ ಇರಲಿಲ್ಲ. ಮುರಿಸಲು ನೋಡಿದ್ದರೆ ಅರ್ಧ ಲಕ್ಷವಾದರೂ ಇಳಿಯುತ್ತಿದ್ದರು, ಆ ಮುಖ ನನಗೆ ಗೊತ್ತು. ಆದರೆ ಅವತ್ತು ತಮ್ಮ ನಕ್ಕ ಜಾಗದಲ್ಲೇ, ಅವನ ಎದುರಿಗೇ ನಾವು ನಿಂತಿದ್ದೆವು. ಆಯ್ತು ಅಂದೆ.

ಸೋಮವಾರ ಕಾರನ್ನ ಗಾಡಿ ಮೇಲೆ ಹತ್ತಿಸಿಕೊಂಡು ಬಂದೆ. ಆರ್‌ಟಿಒ ಇನ್‌ಸ್ಪೆಕ್ಟರ್ ಬಂದು ಬಲಗಡೆಯ ನಂಬರನ್ನ ಪೆನ್ಸಿಲಿನಲ್ಲಿ ಎತ್ತಿಕೊಂಡರು. ಎಡಗಡೆಯದರ ಫೋಟೋ ತೆಗೆದು, ಯಾಕೆ ಹೀಗಾಗಿದೆ ಅಂತ ಬರೆದುಕೊಡಿ ಅಂದರು. ಪೂಜೆಯಿಂದ ಅಂತಲೇ ಬರೆದುಕೊಟ್ಟೆ. ಅವರು ಓದಿ ನಕ್ಕು ಸಹಿ ಮಾಡಿದರು. ಹೆಸರಿಗೆ ಆಗುವಷ್ಟರಲ್ಲಿ ಚಪ್ಪಲಿ ಸವೆದವು, ಆದರೆ ಆಯಿತು. ಇಷ್ಟು ಹಳೆಯ ಗಾಡಿಯನ್ನ ಬಾಡಿಗೆಗೆ ಬಿಡುವ ಹಾಗಿಲ್ಲ ಅಂತಲೂ ಅಲ್ಲಿ ಹೇಳಿದರು. ಮದುವೆ ಮೆರವಣಿಗೆಗೆ ಕೇಳಿಕೊಂಡು ಬಂದವರನ್ನೆಲ್ಲ ವಾಪಸ್ ಕಳಿಸಿದೆ. ಒಂದು ಪೈಸೆ ದುಡಿಯದ ಗಾಡಿ ನನ್ನ ಶೆಡ್ಡಿನಲ್ಲಿ ಇದೊಂದೇ.

ಆಯುಧಪೂಜೆಗೆ ಹಿರಿಯಣ್ಣನನ್ನ ಕರೆದೆ. ಅಷ್ಟರಲ್ಲಿ ಇಂಜಿನ್ ಎದ್ದಿತ್ತು. ಬಾನೆಟ್ ತೆರೆದು, ಬೆರಳಿಗೆ ಕುಂಕುಮ ಹಚ್ಚಿಕೊಂಡು, ಅಭ್ಯಾಸಬಲದಿಂದ ಎಡಗಡೆಯ ತಗಡಿನ ತನಕ ಕೈ ಒಯ್ದರು. ನಿಲ್ಲಿಸಿದರು. ಸುತ್ತಿ ಬಂದು ಸ್ಟೀರಿಂಗಿಗೆ ಇಟ್ಟರು. ಕಾಯಿಯನ್ನ ಮುಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ, ನೆಲಕ್ಕೆ ಒಡೆದರು. ಆಮೇಲೆ ಅವರು ಎಡಗಡೆ ಕೂತರು, ನಾನು ಬಲಗಡೆ. ಏರಿಯ ಮೇಲೆ ಈಗ ಎಮ್ಮೆಗಳಿಲ್ಲ, ಬೈಕುಗಳು. ಹುಡುಗರು ಮೊಬೈಲ್ ಎತ್ತಿ ಹಿಡಿದಿದ್ದರು.

ಹಳೇ ಗಾಡಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಮ್ಯಾಗ್ನೆಟ್ಟು, ಸ್ಕ್ರೂಡ್ರೈವರ್, ಸೀಮೆಸುಣ್ಣ ಜೊತೆಗಿರಲಿ. ಬಣ್ಣ ನೋಡಬೇಡಿ, ಅಡಿಯ ಕಂಬಿ ಚುಚ್ಚಿ ನೋಡಿ. ಇಂಜಿನ್ ನಿಂತಿದ್ದರೆ ಬಲವಂತ ಮಾಡಬೇಡಿ, ಎಣ್ಣೆ ಬಿಟ್ಟು ಕಾಯಿರಿ. ನಂಬರ್ ನೋಡದೆ ಪೂರ್ತಿ ದುಡ್ಡು ಕೊಡಬೇಡಿ, ಯಾರೇ ಹೇಳಿದರೂ ಪಂಚ್ ಹೊಡೆಸಬೇಡಿ. ಪೂಜೆ ಮಾಡಿ, ಆದರೆ ಕುಂಕುಮ ಒರೆಸಲು ಬರುವ ಜಾಗಕ್ಕೆ ಇಡಿ, ಕಾಯಿ ನೆಲಕ್ಕೆ ಒಡೆಯಿರಿ. ಗಾಡಿಯಲ್ಲಿ ದೋಷ ಸಿಕ್ಕರೆ ಮಾರುವವರನ್ನ ಪಕ್ಕಕ್ಕೆ ಕರೆದು ಹೇಳಿ, ಅವರ ಮನೆಯವರ ಎದುರಿಗೆ ಬೇಡ. ಇನ್ನೊಂದು, ಬೆಲೆ ಕೇಳುವ ಮೊದಲು, ಈ ಗಾಡಿಯಲ್ಲಿ ನೀವು ಎಲ್ಲೆಲ್ಲಿಗೆ ಹೋಗಿದ್ರಿ ಅಂತ ಕೇಳಿ ಸುಮ್ಮನೆ ಕೂತುಕೊಳ್ಳಿ. ಗಾಡಿ ಎಷ್ಟು ಓಡಿದೆ, ಎಲ್ಲಿ ಗುದ್ದಿದೆ, ಯಾರು ರಿಪೇರಿ ಮಾಡಿದ್ದಾರೆ, ಎಲ್ಲ ಆ ಮಾತಲ್ಲೇ ಹೊರಗೆ ಬರುತ್ತದೆ. ಮೊದಲ ದಿನವೇ ನಾನು ಅದನ್ನ ಕೇಳಿದ್ದರೆ ಅವರೇ ಎಮ್ಮೆಗಳ ಕತೆ ಹೇಳುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡು ಕೇಳಿ, ಹದಿನೆಂಟಕ್ಕೇ ತರುತ್ತಿದ್ದೆ.